ಶೇವಂತೆವ್ವನ ಮನಿ ಮುಂದಿನ ಕೆಂಪು ಗೆರಿ

೧೪ ಮೇ ೧೯೭೪, ಮಂಗಳವಾರ. ಇಂಡಿ.

ನಿನ್ನಿ ಹಾಕಿದ ಗೆರಿ ತಪ್ಪಿತ್ತು, ಇವತ್ತ ತಿದ್ದಿದೆ. ಆದ್ರ ನಾ ಅಂದ್ಕೊಂಡಂಗ ತಪ್ಪಿರಲಿಲ್ಲ.

ಭೀಮಾ ಹೊಳಿಯ ಹಳೇ ಮಹಾಪೂರ ಎಲ್ಲಿತನಕ ಬಂದಿತ್ತು ಅಂತ ಹೊಳಿದಂಡಿ ಊರಾಗ ವಯಸ್ಸಾದವರನ್ನ ಕೇಳಿ ಗುರ್ತು ಹಾಕಾಕತ್ತೇನಿ. ಹೊಸಾ ಸಾಲಿ ಆ ಗುರ್ತಿಗಿಂತ ಮ್ಯಾಲ ಕಟ್ಟಬೇಕು. ನಿನ್ನಿ ಶೇವಂತೆವ್ವ ಆಯಿ, "ನನಗ ಎದಿಮಟ ನೀರಿತ್ತು ತಮ್ಮಾ" ಅಂದ್ಳು. ಆಕಿ ಎತ್ತರ ನೋಡಿ, ಮನಿ ಮುಂದಿನ ಕಂಬಕ್ಕ ನಾಕು ಫೂಟಿಗೆ ಕೆಂಪು ಗೆರಿ ಎಳದು ಬಂದೆ. ರಾತ್ರಿ ಹೊಳೀತು, ಆವಾಗ ಆಕಿ ಆರು ವರ್ಷದ ಹುಡುಗಿ. ಎಂಥಾ ಹುಂಬ ನಾನು!

ಗೆರಿ ಎರಡೂವರಿ ಫೂಟಿಗೆ ಇಳಸಾಕ ಇವತ್ತ ಮತ್ತ ಹೋದೆ. ಆಯಿ ಜ್ವಾಳ ಕೇರಾಕತ್ತಿದ್ಳು.

"ಆಯಿ, ಆವತ್ತ ನೀವು ಎಲ್ಲಿ ನಿಂತಿದ್ರಿ?"

"ನಾ ಎಲ್ಲಿ ನಿಂತಿದ್ನಿ? ಅಪ್ಪನ ಹೆಗಲ ಮ್ಯಾಲ ಕುಂತಿದ್ನಿ. ಅಪ್ಪ ಈ ಕಂಬ ತಬ್ಬಿ ನಿಂತಿದ್ದ. ಮಾಳಿಗಿ ಮ್ಯಾಲಿದ್ದ ಮಂದಿ ಕೈ ಚಾಚಿ ನನ್ನ ಎಳಕೊಂಡ್ರು."

ನಾ ಕಂಬಕ್ಕ ಟೇಪ ಹಿಡದು, ಅಪ್ಪನ ಹೆಗಲಿನ ಎತ್ತರಕ್ಕ ಕುಂತ ಹುಡುಗಿಯ ಎದಿಮಟ ಕೂಡಿಸಿದೆ. ಆಕಿ ಕೇರೋದು ನಿಲ್ಲಿಸಲಿಲ್ಲ.

ಇಳಸಾಕ ಹೋದಾಂವ ಗೆರಿ ಐದೂವರಿ ಫೂಟಿಗೆ ಏರಿಸಿದೆ. ಆಯಿ ಮೊರ ಬದಿಗಿಟ್ಟು ಎದ್ದು ಬಂದು, ಹಸಿ ಬಣ್ಣದ ಹಂತ್ಯಾಕ ನಿಂತು ನೋಡಿದ್ಳು.

"ಬರೋಬ್ಬರಿ ಐತಿ ತಮ್ಮಾ. ಅಪ್ಪನ ತಲಿ ಮ್ಯಾಲಿನ ರುಂಬಾಲ ಸುದ್ದಾ ಕಾಣ್ತಿರಲಿಲ್ಲ."

ವಹಿಯೊಳಗ ಸಾಕ್ಷಿ ಅನ್ನೋ ಕಡೆ ಶೇವಂತೆವ್ವ ಅಂತ ಬರದೇನಿ. ಅಷ್ಟ ನೀರಾಗ ಕಂಬ ಬಿಡದ ನಿಂತಾಂವನ ಹೆಸರ ಕೇಳೋದ ಮರತ ಬಂದೇನಿ.