ಖಾಲಿ ಬಿಟ್ಟ ಅರ್ಧ ಪುಟ

ಗದಗ, ೨೨೩೧ನೆಯ ಇಸವಿ, ಫೆಬ್ರುವರಿ ಮೂವತ್ತು.

ಸಂಗೀತ ಪತ್ರಿಕೆಯೊಂದರ ಪುಟ ಕಟ್ಟಲು ಕುಳಿತಿರುವ, ಹೆಸರು ಗೊತ್ತಿಲ್ಲದ ವಿದ್ಯಾರ್ಥಿಗೆ ಮಂದಾಕಿನಿ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ಫೆಬ್ರುವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಹಿರಿಯರು ಸರಿಪಡಿಸಿ ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತಿನಲ್ಲಿ ನಿನಗೆ ಅರ್ಥವಾಗದ ಪದಗಳು ಬಂದರೆ ಕ್ಷಮಿಸು, ಆದಷ್ಟು ಬಿಡಿಸಿ ಹೇಳುತ್ತೇನೆ. ಇಲ್ಲಿ ನನ್ನ ಹಾಗೆ ಪುಟ ಕಟ್ಟುವ ಓದು ಮುಗಿಸಿದ ಪ್ರತಿ ವಿದ್ಯಾರ್ಥಿಗೂ ಒಂದು ಹಿಂದಂಚೆ ಕಳಿಸುವ ಅವಕಾಶವಿದೆ. ಅದು ಹಿಂದಿನ ಕಾಲದಲ್ಲಿ ನಮ್ಮದೇ ಕೆಲಸ ಮಾಡುತ್ತಿದ್ದ ಯಾರಾದರೊಬ್ಬರಿಗೆ ಹೋಗಿ ಸೇರುತ್ತದೆ, ಮರಳಿ ಉತ್ತರ ಬರುವುದಿಲ್ಲ. ಎದುರು ಮಾತಾಡುವವರಿಲ್ಲ ಎಂಬ ಧೈರ್ಯದಿಂದಲೇ ಇಷ್ಟು ಬಾಯಿ ಬಿಡುತ್ತಿದ್ದೇನೆ.

ನಮ್ಮ ದಿನಚರಿ ತಿಳಿಯದೆ ನಿನಗೆ ನನ್ನ ಪತ್ರಿಕೆಯ ಕಥೆ ತಿಳಿಯದು. ಮಧ್ಯಾಹ್ನದ ಊಟವಾದ ಮೇಲೆ ಬಿಸಿಲು ಇಳಿಯುವವರೆಗೆ ನಮಗೆ ತಣ್ಣೊತ್ತು. ಊರಿನ ವಿದ್ಯುತ್ತೆಲ್ಲ ಆಗ ಕುಡಿಯುವ ನೀರನ್ನು ತಂಪಾಗಿಡಲು ಹೋಗುತ್ತದೆ, ಮಿಕ್ಕ ಯಂತ್ರಗಳೆಲ್ಲ ಮಲಗುತ್ತವೆ. ಓಣಿಯ ಜನರೆಲ್ಲ ನೆಲದಡಿಯಲ್ಲಿ ಕಲ್ಲು ಕಟ್ಟಿ ಮಾಡಿದ ತಣ್ಣನೆಮನೆಗೆ ಇಳಿಯುತ್ತೇವೆ. ಅಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುವವರು, ಶೇಂಗಾ ಸುಲಿಯುವವರು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವವರು, ನಾಚಿಕೆಯಿಲ್ಲದೆ ಗೊರಕೆ ಹೊಡೆಯುವವರು ಎಲ್ಲ ಇರುತ್ತಾರೆ. ಎಣ್ಣೆದೀಪದ ಬಳಿ ಕುಳಿತು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಅವರನ್ನು ಓದಾಳು ಎನ್ನುತ್ತೇವೆ. ನಮ್ಮ ಓಣಿಯ ಓದಾಳು ರಜಬಸಾಬ ನದಾಫರು, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಹತ್ತಿಕಟ್ಟಿಗೆಯಿಂದ ಮಾಡಿದ ಕಾಗದ ಓಣಿಗೆ ವರ್ಷಕ್ಕೊಂದು ಹೊರೆ ಮಾತ್ರ ಸಿಗುತ್ತದೆ, ಅದರಲ್ಲಿ ಏನು ಅಚ್ಚಾಗಬೇಕೆಂದು ಓಣಿಯವರೇ ಕೈ ಎತ್ತಿ ತೀರ್ಮಾನಿಸುತ್ತಾರೆ. ಇಷ್ಟು ವರ್ಷ ಅದು ಬಿತ್ತನೆಯ ಪಂಚಾಂಗಕ್ಕೇ ಹೋಗುತ್ತಿತ್ತು. ಈ ವರ್ಷ ನಾನು ಸಂಗೀತ ಪತ್ರಿಕೆಗೆ ಕೊಡಿ ಎಂದು ಕೇಳಿದೆ.

ಕೇಳಿದ್ದು ನೀಲವ್ವಜ್ಜಿಗಾಗಿ. ನೀಲವ್ವ ಸುಣಗಾರರು ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಇದ್ದಾರೆ, ಎಂಬತ್ತು ದಾಟಿದೆ, ಎದುರು ಕುಳಿತು ಹಾಡಬಲ್ಲವರು ನಮ್ಮ ಓಣಿಯಲ್ಲಿ ಅವರೊಬ್ಬರೇ. ಉಳಿದವರ ಕಿವಿಯಲ್ಲಿ ದನಿಹರಳಿದೆ. ಓಲೆಯಷ್ಟು ಚಿಕ್ಕದು, ಬೇಕೆಂದ ಹಾಡನ್ನು ಆಗಿಂದಾಗಲೇ ಹೊಸದಾಗಿ ಕಟ್ಟಿ ಕೇಳಿಸುತ್ತದೆ. ಹೀಗಾಗಿ ಅಜ್ಜಿಯ ಬಳಿ ಕಲಿಯಲು ಯಾರೂ ಹೋಗಲಿಲ್ಲ. ಅವರಿಗೆ ಅದರ ಸಿಟ್ಟೂ ಇಲ್ಲ, ಅಕ್ಕಿ ಆರಿಸುತ್ತ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಾರೆ. ನನಗೆ ಅವರೆಂದರೆ ಪ್ರಾಣ. ಅವರು ಬದುಕಿರುವಾಗಲೇ ಅವರ ಕಥೆ ಅವರ ಕಿವಿಗೆ ಬೀಳಲಿ, ಮನೆಮನೆಯಲ್ಲೂ ಉಳಿಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ಕಾಗದ ಸಿಗದಿದ್ದರೆ ಅದೂ ಇಲ್ಲ.

ಪುಟ ಕಟ್ಟಲು ಮಾದರಿ ಬೇಕಲ್ಲ, ವಸ್ತುಸಂಗ್ರಹಾಲಯದಲ್ಲಿ ನಿಮ್ಮ ಕಾಲದ ಸಂಗೀತ ಪತ್ರಿಕೆಗಳನ್ನು ನೋಡಿದೆ. ಅಬ್ಬಾ, ಏನು ವೈಭವ! ಪುಟದ ತುಂಬ ಹಾಡುವವರ ಮುಖ, ಅವರ ಕೆನ್ನೆಯ ಮೇಲೇ ಹತ್ತಿ ಕುಳಿತ ಅಕ್ಷರಗಳು, ಬರಹವೆಲ್ಲ ಸಣ್ಣ ಸಣ್ಣ ಪಟ್ಟಿಗಳಾಗಿ ಹರಿದು ಎಲ್ಲಿಂದೆಲ್ಲಿಗೋ ಜಿಗಿಯುವ ಚಂದ. ಕಣ್ಣು ತಂಪಾಯಿತು. ಹಿಂದೆ ಮುಂದೆ ನೋಡದೆ ನಕಲು ಮಾಡಿದೆ. ಅಜ್ಜಿಯ ಕಥೆಯನ್ನು ಮೂರು ಪಟ್ಟಿ ಮಾಡಿ, ನಡುವೆ ನಮ್ಮ ಓಣಿಯ ಉಪ್ಪಿನಕಾಯಿ ಸಂಘದ ಜಾಹೀರಾತು ಕೂರಿಸಿ, ಮಾದರಿ ಪ್ರತಿಯನ್ನು ರಜಬಸಾಬರ ಕೈಗಿಟ್ಟೆ.

ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ನೀಲವ್ವ ಎಳೆಯ ವಯಸ್ಸಿನಲ್ಲಿ ಗುರುಗಳ ಮನೆ ಸೇರಿದಾಗ ಅವರನ್ನು, ಎಂಬಲ್ಲಿಗೆ ಸಾಲು ಮುಗಿಯಿತು. ಮಂದ ದೀಪದಲ್ಲಿ ಅವರ ಕಣ್ಣು ಪಕ್ಕದ ಪಟ್ಟಿಗೆ ಜಾರಿ, ಚೆನ್ನಾಗಿ ತೊಳೆದು ಒರೆಸಿ ಉಪ್ಪಿನಲ್ಲಿ ಮೂರು ದಿನ ಅದ್ದಿಡಬೇಕು ಎಂದು ಓದಿಯೇ ಬಿಟ್ಟರು. ತಣ್ಣನೆಮನೆ ನಗೆಯಲ್ಲಿ ಮುಳುಗಿತು, ಗೊರಕೆಯವರೂ ಎದ್ದು ನಕ್ಕರು, ಎಲ್ಲರಿಗಿಂತ ಹೆಚ್ಚು ನಕ್ಕವರು ನೀಲವ್ವಜ್ಜಿ. ರಜಬಸಾಬರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಏನವಾ ಇದು, ಓದೂದೋ, ದಾರಿ ಹುಡುಕೂದೋ?"

ದೀಪ ಸಣ್ಣದಾಯಿತು, ನಿಮ್ಮ ಕಣ್ಣು ಮಂಜಾಗಿದೆ ಎಂದೆಲ್ಲ ವಾದಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು. ಪಾಪ, ಓಣಿಯವರು ಒಳ್ಳೆಯವರು, ಮುಂದಿನ ವಾರ ಇನ್ನೊಮ್ಮೆ ಓದಿಸಿ ಆಮೇಲೆ ಕೈ ಎತ್ತೋಣ ಎಂದರು. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಅತ್ತು ಮುಗಿದ ಮೇಲೆ ನನ್ನ ಪುಟವನ್ನು ನಾನೇ ಗಟ್ಟಿಯಾಗಿ ಓದಿ ನೋಡಿದೆ. ಸಾಲಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಣ್ಣಿಗೆಂದು ಕಟ್ಟಿದ ಪುಟವನ್ನು ಗಂಟಲಿಗೆ ಕೊಟ್ಟಿದ್ದೆ. ಪಟ್ಟಿಗಳನ್ನು ಕಿತ್ತು ಹಾಕಿದೆ. ಒಂದು ಉಸಿರಿಗೆ ಒಂದು ಸಾಲು ಎಂದು ಮತ್ತೆ ಜೋಡಿಸಿದೆ. ದೊಡ್ಡ ಮುಖ ತೆಗೆದು ತಂಬೂರಿ ಹಿಡಿದ ಅಜ್ಜಿಯ ಕೈಯನ್ನಷ್ಟೇ ಚಿಕ್ಕದಾಗಿ ಬರೆದೆ. ಉಳಿದ ತೊಡಕು ಒಂದೇ, ಪುಟ ತಿರುವುವ ಹೊತ್ತಿಗೆ ಮಾತು ತುಂಡಾಗಬಾರದು. ಅದಕ್ಕೆ ಪ್ರತಿ ಪುಟದಲ್ಲೂ ಮಾತು ಮುಗಿದಲ್ಲಿಗೇ ನಿಲ್ಲಿಸಿ ಕೆಳಗಿನದನ್ನು ಹಾಗೇ ಬಿಟ್ಟೆ. ಕೆಲವು ಕಡೆ ಅರ್ಧ ಪುಟವೇ ಖಾಲಿ. ಕಾಗದಕ್ಕೆ ಇಷ್ಟು ಬರ ಇರುವಾಗ ಬಯಲು ಅಚ್ಚು ಹಾಕುತ್ತೀಯಾ ಎಂದು ಪುಟ ಕಟ್ಟಲು ಕಲಿಸಿದ ನಮ್ಮ ಮೇಷ್ಟ್ರು ಬೈದರು. ಅವರ ಮಾತು ಸುಳ್ಳಲ್ಲ, ಆದರೂ ನಾನು ಬದಲಿಸಲಿಲ್ಲ.

ಎರಡನೆಯ ಓದು ಸರಾಗವಾಗಿ ನಡೆಯಿತು. ನೀಲವ್ವ ಭೀಮಪಲಾಸ ರಾಗ ಹಾಡುವಾಗ ಮಧ್ಯಮ ಸ್ವರಕ್ಕೆ ಬಂದು ನಿಲ್ಲುತ್ತಾರೆ, ಅಲ್ಲಿಂದ ಹೊರಡಲು ಅವರಿಗೆ ಅವಸರವೇ ಇಲ್ಲ ಎಂಬಲ್ಲಿಗೆ ಪುಟ ಮುಗಿಯಿತು. ರಜಬಸಾಬರು ಹಾಳೆ ತಿರುವಲೆಂದು ಬೆರಳು ತೇವ ಮಾಡಿಕೊಂಡರು. ಆ ಮೌನದಲ್ಲಿ ನೀಲವ್ವಜ್ಜಿ, ಸುಲಿಯುತ್ತಿದ್ದ ಶೇಂಗಾದಿಂದ ತಲೆ ಎತ್ತದೆ, ಆ ಮಧ್ಯಮವನ್ನು ಹಾಡಿದರು. ಅದರ ಮೇಲೆಯೇ ನಿಂತರು. ರಜಬಸಾಬರ ಬೆರಳು ನಿಂತಿತು, ಶೇಂಗಾ ಸುಲಿಯುವ ಕೈಗಳೆಲ್ಲ ನಿಂತವು. ಆಮೇಲೆ ಪುಟ ಮುಗಿದಾಗಲೆಲ್ಲ ಜನ ಅಜ್ಜಿಯ ಕಡೆ ನೋಡುವುದು, ಅಜ್ಜಿ ಹಾಡುವುದು, ರಜಬಸಾಬರು ಕಾಯುವುದು. ಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದೇ ಹೋಗಿತ್ತು, ಯಾರೂ ಏಳಲಿಲ್ಲ.

ಕೈಗಳು ಎದ್ದವು. ಪಂಚಾಂಗದವರೂ ಎತ್ತಿದರು. ನನ್ನ ಸಂತೋಷ ಏನು ಹೇಳಲಿ, ಕಾಲು ನೆಲದ ಮೇಲಿರಲಿಲ್ಲ. ನೀಲವ್ವಜ್ಜಿ ಮಾತ್ರ ಕೈ ಎತ್ತಿರಲಿಲ್ಲ. ಹಾಳೆಯನ್ನು ತರಿಸಿಕೊಂಡು, ಏನೂ ಅಚ್ಚಾಗದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ನನ್ನನ್ನು ಕೇಳಿದರು.

"ನಾ ಇಲ್ಲದಾಗ ಇಲ್ಲಿ ಯಾರು ಹಾಡ್ತಾರವಾ?"

ನನಗೆ ದುಃಖ ಒತ್ತರಿಸಿ ಬಂತು. ನನ್ನ ದನಿಗೆ ಕಾಗೆಯೂ ಹಾರಿಹೋಗುತ್ತದೆ ಅಜ್ಜಿ, ಇಲ್ಲದಿದ್ದರೆ ನಾನೇ ಕಲಿಯುತ್ತಿದ್ದೆ ಎಂದೆ.

"ದನಿ ಇಲ್ಲದಿದ್ರ ಏನಾತು, ಉಸುರೈತಲ್ಲ. ನಾಳೆ ಮುಂಜಾನೆ ಬಾ."

ನಿನ್ನಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದ ಪತ್ರಿಕೆಗಳು ನಮ್ಮವರೆಗೆ ಬಂದಿವೆ, ನೀವು ಪೆಟ್ಟಿಗೆಗಳಲ್ಲಿ ತುಂಬಿಟ್ಟ ಹಾಡುಗಳು ಬರಲಿಲ್ಲ, ಆ ಪೆಟ್ಟಿಗೆ ತೆರೆಯುವ ಯಂತ್ರವೇ ಈಗ ಇಲ್ಲ. ನಿಮ್ಮ ಹಾಡುಗಾರ್ತಿಯರ ಸೀರೆಯ ಬಣ್ಣ ನನಗೆ ಗೊತ್ತು, ಅವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರೆಂದು ಗೊತ್ತಿಲ್ಲ. ದಯಮಾಡಿ ಯಾರಾದರೊಬ್ಬರ ಎದುರು ಹೋಗಿ ಕುಳಿತು, ಅದನ್ನು ಕೇಳಿ ಬರೆ. ಬರೆದದ್ದರ ಕೆಳಗೆ ಜಾಗ ಬಿಡು. ಕಾಗದ ಹಾಳು ಮಾಡಿದೆ ಎಂದು ನಿಮ್ಮ ಮೇಷ್ಟ್ರು ಬೈದರೆ ನನ್ನ ಹೆಸರು ಹೇಳು.

ಇನ್ನು ಬರೆಯುವಂತಿಲ್ಲ, ಅಜ್ಜಿ ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ. ನಿನ್ನೆ ಷಡ್ಜಕ್ಕೇ ನನ್ನ ಉಸಿರು ಮುಗಿದಿತ್ತು. ಇವತ್ತು ಮಧ್ಯಮದವರೆಗೆ ಹೋಗಿ ನೋಡುತ್ತೇನೆ.