ಗುಡ್ಡದ ಆ ಒಂದು ಮೂಲೆ

ಅಪ್ಪಾ,

ನಿನ್ನ ಟೇಪು ಇವತ್ತೂ ನನ್ನ ಚೀಲದಲ್ಲಿತ್ತು. ಡೊಂಬಿವಲಿಯ ನಿನ್ನ ಹೊಲಿಗೆ ಅಂಗಡಿಯಲ್ಲಿ ಅದೆಷ್ಟು ಜನರ ಎದೆ ಅಳೆದ ಟೇಪು! ಮರವನ್ನೂ ಎದೆಮಟ್ಟದಲ್ಲೇ ಅಳೆಯುತ್ತೇವೆ ಎಂದು ನಾನು ಹೇಳಿದಾಗ ನೀನು ನಕ್ಕುಬಿಟ್ಟಿದ್ದೆ. "ಹಂಗಾರ ನೀನೂ ಟೇಲರ್ ಆದಿ ಬಿಡವ್ವಾ!"

ಆ ಭಾನುವಾರಗಳು ನೆನಪಿವೆಯಾ? ಠಾಣೆಯಲ್ಲಿ ಗಾಡಿ ಬದಲಿಸಿ ಇಬ್ಬರೂ ಖಾರಘರದ ಗುಡ್ಡ ಹತ್ತುತ್ತಿದ್ದೆವು. ಅಲ್ಲಿ ಸಾಲುಸಾಲಾಗಿ ಸುಬಾಬುಲ್ ನೆಡಿಸುವುದು ಕಂಪನಿ ನನಗೆ ಕೊಟ್ಟ ಕೆಲಸ. ಬೇಗ ಬೆಳೆಯುವ ಮರ, ಗಾಳಿಯ ಇಂಗಾಲವನ್ನು ಬೇಗ ಹೀರಿ ಕಾಂಡದಲ್ಲಿ ಇಟ್ಟುಕೊಳ್ಳುತ್ತದೆ ಎಂದು ನಂಬಿದ್ದೆ. ನೀನೋ, ತಿಂದ ಹಲಸು, ನೇರಳೆ, ಹುಣಸೆಯ ಬೀಜಗಳನ್ನು ಜೇಬಿನಲ್ಲಿ ತಂದು ನನ್ನ ಸಾಲುಗಳ ನಡುವೆ ಊರುತ್ತಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅವು ಗೇಣುದ್ದ ಎದ್ದಿದ್ದವು. ಮರುದಿನ ಸಾಹೇಬರು ನೋಡಲು ಬರುವವರಿದ್ದರು. ನಿನ್ನ ಕಣ್ಣೆದುರೇ ಒಂದೊಂದಾಗಿ ಕಿತ್ತೆ. "ಪಪ್ಪಾ, ಯೇ ಸಬ್ ಕಚರಾ ಹೈ" ಅಂದೆ, ಇದೆಲ್ಲ ಕಸ ಎಂದು, ಅದೂ ಹಿಂದಿಯಲ್ಲಿ. ನೀನು ಕೈಯ ಮಣ್ಣು ಒರೆಸಿಕೊಂಡೆ. "ಒಂದೇ ಅಳತಿ ಅಂಗಿ ಎಲ್ಲಾರಿಗೂ ಬರ್ತೈತೇನವ್ವಾ? ಹೋಗ್ಲಿ, ಆ ಬಂಡೆಗಲ್ಲಿನ ಹತ್ರದ ಮೂಲಿ ಒಂದ್ ಬಿಡು." ಬಿಟ್ಟೆ. ಪ್ರೀತಿಯಿಂದಲ್ಲ ಅಪ್ಪಾ, ಸುಸ್ತಾಗಿತ್ತು.

ಆಮೇಲೆ ನೀನು ಗುಡ್ಡಕ್ಕೆ ಬರಲೇ ಇಲ್ಲ. ಮೊಣಕಾಲು ನೋವು ಅಂದೆ. ನೋವು ಮೊಣಕಾಲಿನದೇ ಆಗಿತ್ತಾ? ಒಂದು ದಿನ ಕೇಳಬೇಕು ಅಂದುಕೊಳ್ಳುತ್ತಲೇ ಇದ್ದೆ, ಅಷ್ಟರಲ್ಲಿ...

ಹೋದ ವರ್ಷ ಸುಬಾಬುಲ್‌ಗೆ ಕೀಟ ಬಿತ್ತು. ಎಲ್ಲವೂ ಒಂದೇ ಜಾತಿಯಲ್ಲವೇ, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಒಣಗಿದ್ದನ್ನು ಜನ ಸೌದೆಗೆ ಕಡಿದರು. ಅವು ಕೂಡಿಟ್ಟಿದ್ದ ಇಂಗಾಲವೆಲ್ಲ ಒಲೆಯಲ್ಲಿ ಹೊಗೆಯಾಯಿತು.

ಇವತ್ತು ನಿನ್ನ ಮೂಲೆಗೆ ಹೋಗಿದ್ದೆ. ನೇರಳೆ ಬಿಸಿಲಿಗೆ ತಲೆಯೆತ್ತಿದೆ, ಹಲಸು ಅದರ ನೆರಳಲ್ಲಿದೆ, ಹುಣಸೆ ನಿಧಾನ, ಆದರೆ ಕಾಂಡ ಗಟ್ಟಿ. ಒಂದರ ಬೇರು ಮೇಲೆ ಹರಡಿದರೆ ಇನ್ನೊಂದರದು ಆಳಕ್ಕಿಳಿದಿದೆ. ಹಕ್ಕಿಗಳು ತಂದು ಹಾಕಿದ, ನನಗೆ ಹೆಸರೂ ತಿಳಿಯದ ಗಿಡಗಳೂ ಇವೆ. ಒಂದಕ್ಕೆ ಹುಳ ಹಿಡಿದರೂ ಉಳಿದವು ನಿಂತಿವೆ. ನಿನ್ನ ಟೇಪಿನಿಂದಲೇ ಕಾಂಡಗಳ ಸುತ್ತಳತೆ ಅಳೆದೆ. ನಾವು ನೆಟ್ಟ ಇಡೀ ಜಾಗದಲ್ಲಿ ಇಂಗಾಲ ಹಿಡಿದುಕೊಂಡು ನಿಂತಿರುವುದು ಅದೊಂದೇ ಮೂಲೆ. ಬಂಡೆಯ ಮೇಲೆ ಕೂತು ಅತ್ತೆ. ನೀನು ಇದನ್ನು ನೋಡಬೇಕಿತ್ತು.

ಮನೆಯಲ್ಲಿ ಹಲಸಿನ ಬೀಜ ತೊಳೆದಿಟ್ಟಿದ್ದೇನೆ. ಮೊದಲ ಮಳೆ ಬಿದ್ದ ಭಾನುವಾರ ಒಬ್ಬಳೇ ಹೋಗುತ್ತೇನೆ. ಎಲ್ಲೆಲ್ಲಿ ಊರಬೇಕೆಂದು ಹುಡುಕಬೇಕಾಗಿಲ್ಲ. ಕಿತ್ತ ಜಾಗಗಳೆಲ್ಲ ನೆನಪಿವೆ ಅಪ್ಪಾ, ಒಂದೊಂದೂ.

ನಿನ್ನ ಮಗಳು