ಗ್ಯಾರೇಜಿನ ಮೊಳೆಯಲ್ಲಿ ಉಳಿದ ಪಟ್ಟಿ

ಆರ್ಡಿಸ್ ಅತ್ತೆಯವರಿಗೆ,

ಹೇಗಿದ್ದೀರಿ ಎಂದು ಕೇಳುವ ಶಿಷ್ಟಾಚಾರವನ್ನು ಈ ಒಂದು ಸಲ ಬಿಟ್ಟುಬಿಡುತ್ತೇನೆ. ಚೆನ್ನಾಗಿಯೇ ಇದ್ದೀರಿ. ಮೊನ್ನೆ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸಿಕೊಡುತ್ತ ನಿಂತಿದ್ದಿರಲ್ಲ, ಕಣ್ಣಾರೆ ಕಂಡಿದ್ದೇನೆ. ನಾಲ್ಕು ಬೀದಿ ಆಚೆಗಿರುವ ಅತ್ತೆಗೆ ಅಂಚೆಯಲ್ಲಿ ಕಾಗದ ಹಾಕುವ ಸೊಸೆ ಈ ಡುಲೂತ್ ಊರಿಗೆಲ್ಲ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಎದುರಿಗೆ ಕೂತರೆ ನೀವು ಬಿಸ್ಕತ್ತಿನ ತಟ್ಟೆ ಮುಂದಿಡುತ್ತೀರಿ, ಸರೋವರದ ಮೇಲಿನ ಗಾಳಿಯ ಮಾತು ತೆಗೆಯುತ್ತೀರಿ, ನಾನೂ ಬಾಯಿ ಮುಚ್ಚಿಕೊಂಡು ತಿಂದು ಎದ್ದು ಬರುತ್ತೇನೆ. ಹನ್ನೊಂದು ತಿಂಗಳಿಂದ ಇದೇ ನಡೆದಿದೆ.

ಸುತ್ತಿ ಬಳಸಿ ಹೇಳುವುದಿಲ್ಲ. ಕಳೆದ ಜೂನ್‌ನಲ್ಲಿ ನಾರ್ವೆಯ ಆ ವಿಮಾನ ನಿಲ್ದಾಣದಲ್ಲಿ ನನ್ನ ಮಗು ಟೋಬಿಯ ಕೈ ಬಿಟ್ಟವರು ಯಾರು ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಗೊತ್ತು. ನಿಮಗೆ ಮತ್ತು ನನಗೆ. ನಿಮ್ಮ ಮಗನಿಗೆ ಅದನ್ನು ನೀವೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದಿರಿ. ಹೇಳಲಿಲ್ಲ. ನಾನು ಕಾದೆ. ಇನ್ನು ಕಾಯಲಾರೆ ಎಂದು ತಿಳಿಸುವುದಕ್ಕೇ ಈ ಕಾಗದ.

ಹೊರಡುವ ಹಿಂದಿನ ವಾರ ನಮ್ಮ ಊಟದ ಮೇಜು ಹೇಗಿತ್ತು, ನೆನಪಿದೆಯೇ? ತಟ್ಟೆ ಇಡಲು ಜಾಗವಿರಲಿಲ್ಲ. ಒಂದು ಕಡೆ ಕಾರ್ ಸೀಟು, ಅದರ ಮೇಲೆ ಮಡಚುವ ತೊಟ್ಟಿಲು, ಬೆನ್ನಿಗೆ ಕಟ್ಟಿಕೊಳ್ಳುವ ಚೀಲ, ಮಗು ಕಕ್ಕಸಿಗೆ ಕೂರುವ ಪುಟ್ಟ ಪಾಟ್, ಮಳೆಕೋಟು, ಉಣ್ಣೆ ಟೋಪಿ. ಇನ್ನೊಂದು ಕಡೆ ನಾರ್ವೆಯ ನಿಮ್ಮ ನಂಟರಿಗೆ ಒಯ್ಯುವ ನಾಲ್ಕು ಕೆಜಿ ಕಾಡಕ್ಕಿ, ಮೇಪಲ್ ಪಾಕದ ಶೀಸೆಗಳು. ನಿಮ್ಮ ಮಗ ಲೇಫ್ ಅದಿರು ಹಡಗಿನಲ್ಲಿ ಸರೋವರದ ಇನ್ನೊಂದು ತುದಿಯಲ್ಲಿದ್ದ. ಬೇಸಿಗೆಯಲ್ಲಿ ಹಡಗಿನವರಿಗೆ ರಜೆ ಎಲ್ಲಿಯದು? ಎರಡು ವರ್ಷ ತುಂಬಿ ಒಂದು ತಿಂಗಳಾದ ಮಗು, ಅರವತ್ತೆಂಟರ ನೀವು, ನಾನು. ಆರು ಚೀಲ, ಎರಡು ವಿಮಾನ. ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ನಾನು ಮೂರು ಸಲ ಯಾದಿ ಬರೆದೆ. ಮೂರು ಸಲವೂ ನೀವು ಬಂದು ಓದಿದಿರಿ.

ಮಗುವನ್ನು ಕೂರಿಸಿ ತಳ್ಳುವ ಗಾಡಿಯಿಂದಲೇ ಶುರುವಾಯಿತು. ನಾನು ತೆಗೆದಿಟ್ಟದ್ದು ಸಣ್ಣ ಗಾಡಿ. ಯಾರದೋ ಅಂಗಳದಲ್ಲಿ ಹಳೆ ಸಾಮಾನು ಮಾರುತ್ತಿದ್ದಾಗ ತಂದದ್ದು, ಛತ್ರಿಯ ಹಾಗೆ ಮಡಚಿಕೊಳ್ಳುತ್ತದೆ, ವಿಮಾನದಲ್ಲಿ ತಲೆಯ ಮೇಲಿನ ಗೂಡಿನಲ್ಲೇ ಕೂರುತ್ತದೆ. ನಿಮಗೆ ಮಾತ್ರ ಚರ್ಚಿನ ಹೆಂಗಸರು ಸೇರಿ ಉಡುಗೊರೆ ಕೊಟ್ಟ ದೊಡ್ಡ ಗಾಡಿಯೇ ಬೇಕು. ರಬ್ಬರ್ ಚಕ್ರದ್ದು, ಕಾಫಿ ಲೋಟ ಇಡಲು ಬಳೆ ಇರುವುದು. "ಆ ಬಡಕಲು ಗಾಡೀಲಿ ನನ್ನ ಮೊಮ್ಮಗನ್ನ ತಳ್ಕೊಂಡು ನೆಂಟರ ಮುಂದೆ ಹೋಗ್ಲಾ? ಅಮೆರಿಕಾದವರಿಗೇನು ಗತಿ ಇಲ್ವಾ ಅನ್ನಲ್ವಾ?" ಎಂದಿರಿ. ಅಷ್ಟು ದೊಡ್ಡ ಗಾಡಿಯನ್ನು ವಿಮಾನದ ಹೊಟ್ಟೆಗೆ ಹಾಕಬೇಕಾಗುತ್ತದೆ, ಇಳಿದ ಮೇಲೆ ಎಲ್ಲಿ ಕೊಡುತ್ತಾರೋ ಗೊತ್ತಿಲ್ಲ ಎಂದೆ. "ಕೊಡ್ತಾರೆ ಬಿಡೇ, ಅವರೂ ಮಕ್ಕಳೊಂದಿಗರೇ" ಎಂದಿರಿ. ಸರಿ ಎಂದೆ.

ಆಮೇಲೆ ಟೋಬಿಗೆ ಕಟ್ಟುವ ಆ ಕ್ಯಾನ್ವಾಸ್ ಪಟ್ಟಿ. ಹನ್ನೆರಡು ವರ್ಷದಿಂದ ನಾನು ಮಾಡುತ್ತಿರುವ ಕೆಲಸ ಒಂದೇ. ದೋಣಿಯವರು ಬೆನ್ನಿಗೆ ಹೊರುವ ಕ್ಯಾನ್ವಾಸ್ ಚೀಲಗಳಿಗೆ ಪಟ್ಟಿ ಹೊಲಿಯುವುದು. ನಲವತ್ತು ಕೆಜಿ ಹೊತ್ತರೂ ನನ್ನ ಹೊಲಿಗೆ ಬಿಚ್ಚಿದ್ದಿಲ್ಲ. ಆ ಏಪ್ರಿಲ್‌ನಲ್ಲಿ ಟೋಬಿ ಬಾಗಿಲು ಸಂದಿಯಲ್ಲಿ ನುಸುಳಿ, ಇಳಿಜಾರು ರಸ್ತೆಯಲ್ಲಿ ಕೆಳಗಿನ ಬೀದಿಯವರೆಗೂ ಓಡಿಬಿಟ್ಟಿದ್ದ. ಲಾರಿಯವನು ಬ್ರೇಕು ಒತ್ತಿದ್ದರಿಂದ ಉಳಿದ. ಅಂದು ಸಂಜೆಯೇ ಕಾರ್ಖಾನೆಯಲ್ಲಿ ಮಿಕ್ಕ ಹಸಿರು ಕ್ಯಾನ್ವಾಸ್ ತಂದು ಅವನ ಎದೆ ಅಳತೆಗೆ ಒಂದು ಪಟ್ಟಿ ಹೊಲಿದೆ. ಭುಜಕ್ಕೆ ಎರಡು ಎಳೆ, ಬೆನ್ನಿಗೆ ಹಿತ್ತಾಳೆಯ ಕೊಂಡಿ, ಅದರಿಂದ ನನ್ನ ಮಣಿಕಟ್ಟಿಗೆ ಒಂದು ಹುರಿ. ಒಳಗೆ ಮೆತ್ತಗಿರಲೆಂದು ನನ್ನ ಹಳೆಯ ಉಣ್ಣೆ ಅಂಗಿ ಕತ್ತರಿಸಿ ಇಟ್ಟಿದ್ದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಏನನ್ನೂ ಹೊಲಿದಿಲ್ಲ.

ನೀವು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದೊಂಥರಾ ಬೇರೆ ಇದೆ, ಅಲ್ವಾ" ಎಂದಿರಿ. ನಮ್ಮ ಕಡೆ ಆ ಮಾತಿಗೆ ಏನರ್ಥ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಇಂಥದ್ದನ್ನು ಮರ್ಯಾದಸ್ಥರು ಮನೆಯೊಳಗೆ ತರುವುದಿಲ್ಲ ಎಂದರ್ಥ. ಹಾಗೆ ನೇರವಾಗಿ ಅಂದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ನೀವು ನಗುತ್ತ ಅಂದಿರಿ. ಮುಂದಿನ ಭಾನುವಾರ ಚರ್ಚಿನಲ್ಲಿ ನಿಮ್ಮ ಗೆಳತಿಯರ ಮುಂದೆಯೂ ಅಂದಿರಿ. "ನಮ್ಮ ಮಿಲ್ಕಾ ಮಗೂಗೆ ನಾಯಿಮರಿ ಥರ ಹಗ್ಗ ಹೊಲ್ದಿದ್ದಾಳೆ, ಇನ್ನು ಬೊಗಳೋದೊಂದು ಕಲಿಸ್ಬೇಕು!" ಎಲ್ಲರೂ ನಕ್ಕರು. ಕೈಯಲ್ಲಿ ಕಾಫಿ ಲೋಟ ಹಿಡಿದು ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಅತ್ತೆ. ನಿಮ್ಮ ಮೇಲಲ್ಲ, ಆ ನಗುವಿನ ಮೇಲೆ.

ಹೊರಡುವ ದಿನ ಬೆಳಗ್ಗೆ ಚೀಲದ ಹೊರ ಜೇಬಿನಲ್ಲಿ ಪಟ್ಟಿ ಇಟ್ಟಿದ್ದೆ. ಕಾರಿಗೆ ಸಾಮಾನು ತುಂಬುವಾಗ ನೀವು ಅದನ್ನು ತೆಗೆದು, ಗ್ಯಾರೇಜಿನ ಗೋಡೆಯ ಮೊಳೆಗೆ, ಸತ್ತುಹೋದ ನಮ್ಮ ನಾಯಿಯ ಹಗ್ಗದ ಪಕ್ಕಕ್ಕೆ ನೇತುಹಾಕಿದಿರಿ. "ಇದರ ಜಾಗ ಇಲ್ಲೇ ಕಣೇ. ನಾನಿಲ್ವಾ ಕೈ ಹಿಡ್ಕೊಳ್ಳೋಕೆ?" ಎಂದಿರಿ. ನಾನು ನೋಡುತ್ತ ನಿಂತಿದ್ದೆ. "ಓ, ಸರಿ ಬಿಡಿ" ಎಂದೆ. ಆ ಜೇಬಿಗೆ ನೀವು ಇನ್ನೊಂದು ಶೀಸೆ ಮೇಪಲ್ ಪಾಕ ತುರುಕಿದಿರಿ.

ಕಾರ್ ಸೀಟಿನ ವಿಷಯದಲ್ಲಿ ಮಾತ್ರ ನೀವು ಒಂದು ಮಾತೂ ಆಡಲಿಲ್ಲ. ಒಂಬತ್ತು ಕೆಜಿ ಭಾರದ ಅದನ್ನು ಸಾಗರದಾಚೆಗೆ ಹೊತ್ತೆವು. ಅದರಲ್ಲಿ ಮಗುವಿಗೆ ಎದೆಗೆ, ಸೊಂಟಕ್ಕೆ, ಕಾಲ ಸಂದಿಗೆ ಐದು ಕಡೆಯಿಂದ ಬೆಲ್ಟು ಬಿಗಿಯುತ್ತೇವೆ. ಅದಕ್ಕೆ ಯಾರೂ ನಾಯಿಮರಿ ಎನ್ನುವುದಿಲ್ಲ. ಕಾನೂನು ಹಾಕಿಸಿದ ಬೆಲ್ಟಿಗೆ ನಾಚಿಕೆಯಿಲ್ಲ, ತಾಯಿ ಹೊಲಿದ ಬೆಲ್ಟಿಗೆ ನಾಚಿಕೆ. ಎಂಥ ಜನ ನಾವು!

ಇಳಿದ ಮೇಲೆ ನಾನು ಹೆದರಿದ ಹಾಗೆಯೇ ಆಯಿತು. ದೊಡ್ಡ ಗಾಡಿ ವಿಮಾನದ ಬಾಗಿಲಿಗೆ ಬರಲಿಲ್ಲ. ದೊಡ್ಡ ಸಾಮಾನಿಗೆಲ್ಲ ಬೇರೆ ಕಿಟಕಿ, ಅಲ್ಲಿಗೆ ಹೋಗಿ ಕೇಳಿ ಎಂದರು. ಟೋಬಿ ಹತ್ತು ಗಂಟೆ ಕೂತು ಕೂತು ಓಡಲು ಚಡಪಡಿಸುತ್ತಿದ್ದ. ನಾನು ಅವನ ಕೈಯನ್ನು ನಿಮ್ಮ ಕೈಯೊಳಗಿಟ್ಟು, "ಬಿಡಬೇಡಿ ಅತ್ತೆ, ಓಡ್ತಾನೆ" ಎಂದೆ. "ಹೋಗೇ, ನಾಲ್ಕು ಮಕ್ಕಳನ್ನ ಸಾಕಿದ್ದೀನಿ" ಎಂದಿರಿ. ಕಿಟಕಿಯ ಮುಂದೆ ಮೂವರು ನಿಂತಿದ್ದರು. ನನ್ನ ಸರದಿ ಬರುವ ಮುಂಚೆ ಒಮ್ಮೆ ತಿರುಗಿ ನೋಡಿದೆ.

ಎಸ್ಕಲೇಟರಿನ ಹತ್ತಿರದ ಗಾಜಿನ ಆಚೆ, ಕೆಳಗಡೆ, ನಿಮ್ಮ ನಂಟರು ಕೈಯಲ್ಲಿ ಪುಟ್ಟ ಪುಟ್ಟ ಬಾವುಟ ಹಿಡಿದು ನಿಂತಿದ್ದರು. ನಲವತ್ತು ವರ್ಷ ಬರೀ ಕ್ರಿಸ್‌ಮಸ್ ಕಾಗದದಲ್ಲಿ ಕಂಡ ಮುಖಗಳು. ನೀವು ಅವರತ್ತ ಕೈ ಬೀಸುತ್ತಿದ್ದಿರಿ. ಎರಡೂ ಕೈ. ನಿಮ್ಮ ಎರಡೂ ಕೈಗಳು ತಲೆಯ ಮೇಲಿದ್ದವು, ಅತ್ತೆ. ಹಾಗಾದರೆ ನನ್ನ ಮಗು ಎಲ್ಲಿ ಎಂದು ನನಗೆ ಹೊಳೆಯುವ ಮೊದಲೇ ಕೂಗು ಕೇಳಿಸಿತು.

ಮೆಟ್ಟಿಲು ನೆಲದೊಳಗೆ ಮಾಯವಾಗುವ ಜಾಗ ಅವನಿಗೆ ಆಟವಾಗಿ ಕಂಡಿರಬೇಕು. ಕುಕ್ಕರಗಾಲಲ್ಲಿ ಕೂತು ಮುಟ್ಟಿ ನೋಡಿದ್ದಾನೆ. ಬಲಗೈ. ನಡುಬೆರಳು, ಉಂಗುರದ ಬೆರಳು. ಮೊದಲ ಗೆಣ್ಣಿನವರೆಗೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ನನ್ನ ತೋಳು ಹಿಡಿದು ಅತ್ತಿರಿ. "ಲೇಫ್‌ಗೆ ಈಗ್ಲೇ ಹೇಳ್ಬೇಡ ಕಣೇ ಮಿಲ್ಕಾ. ಊರಿಗೆ ಹೋದ್ಮೇಲೆ ನಾನೇ ಎದುರಿಗೆ ಕೂತ್ಕೊಂಡು ಹೇಳ್ತೀನಿ. ಮಿಕ್ಕವರು ಯಾರೂ ನನ್ನ ಕೇಳೋರಲ್ಲ, ನನಗಿರೋದು ಅವನೊಬ್ನೇ." ನನಗೆ ಪಾಪ ಅನ್ನಿಸಿತು. ಆಗಲಿ ಎಂದೆ. ಅದಾದ ಒಂದು ಗಂಟೆಗೆ ಹಡಗಿನಿಂದ ಅವನ ಫೋನು ಬಂತು. ನೀವೇ ಎತ್ತಿಕೊಂಡಿರಿ. "ಮಿಲ್ಕಾ ಗಾಡಿ ತರ್ತೀನಿ ಅಂತ ಮಗೂನ ಬಿಟ್ಟು ಹೋದ್ಲಪ್ಪಾ, ಅಷ್ಟರಲ್ಲಿ ಅವನು ಓಡ್ಬಿಟ್ಟ" ಎಂದಿರಿ. ಪಕ್ಕದಲ್ಲೇ ನಿಂತು ಕೇಳಿದೆ. ನಿಮ್ಮ ಕಣ್ಣೀರು ಇನ್ನೂ ಆರಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ನನ್ನ ಮೈಮೇಲೆ ಇವತ್ತಿಗೂ ಇದೆ. ಲೇಫ್ ಬೈಯುವವನಲ್ಲ, ಅದು ನಿಮಗೂ ಗೊತ್ತು. ಮನೆಗೆ ಬಂದವನು ಮಗುವಿನ ಕೈ ಬಿಚ್ಚಿ ನೋಡಿ, "ಒಂದು ಗಳಿಗೆ ಹಿಡ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?" ಎಂದ. ಅಷ್ಟೇ. ಆಮೇಲೆ ಆ ಮಾತು ಎತ್ತಿಲ್ಲ. ಆದರೆ ಹಡಗಿಗೆ ಹೊರಡುವಾಗಲೆಲ್ಲ ನಿಮಗೆ ಫೋನು ಮಾಡುತ್ತಾನೆ: "ಅಮ್ಮಾ, ಟೋಬೀನ ಸ್ವಲ್ಪ ನೋಡ್ಕೊಳ್ತಿರು. ಮಿಲ್ಕಾ ಒಬ್ಬಳೇ ಇರ್ತಾಳೆ." ನನ್ನ ಮೇಲೆ ಕಾವಲಿಗೆ ನಿಮ್ಮನ್ನು ಇಟ್ಟಿದ್ದಾನೆ! ನೀವು ಬರುತ್ತೀರಿ ಕೂಡ. ಕೋಟು ಬಿಚ್ಚಿ ಮೊಳೆಗೆ ಹಾಕಿ, "ನೀನು ಸುಧಾರಿಸ್ಕೋ ಹೋಗು, ನಾನಿದ್ದೀನಿ" ಎನ್ನುತ್ತೀರಿ.

ನಿಮಗೆ ಸಂಕಟವಿಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಅದಕ್ಕೇ ತಿಂಗಳಿಗೊಂದು ಸಲ ಓವನ್‌ನಲ್ಲಿ ಬೇಯಿಸಿದ ಆಲೂಗಡ್ಡೆ, ಮಾಂಸದ ಆ ದೊಡ್ಡ ಪಾತ್ರೆ ನಮ್ಮ ಮನೆಗೆ ಬರುತ್ತದೆ, ತಳದಲ್ಲಿ ಅಂಟುಪಟ್ಟಿಯ ಮೇಲೆ ನಿಮ್ಮ ಹೆಸರು ಬರೆದುಕೊಂಡು. ನಮ್ಮಲ್ಲಿ ಸಾವಾದರೂ ಅದೇ, ಹೆರಿಗೆಯಾದರೂ ಅದೇ, ತಪ್ಪಾದರೂ ಅದೇ. ನಾನು ಕೇಳಿದ್ದು ಒಂದು ಮಾತು, ಬಂದದ್ದು ಹನ್ನೊಂದು ಪಾತ್ರೆ. ತೊಳೆದು ತೊಳೆದು ವಾಪಸು ಕೊಟ್ಟಿದ್ದೇನೆ. ಪ್ರತಿ ಸಲ ಪಾತ್ರೆ ಒರೆಸುವಾಗ, ಈ ಸಲ ಹೇಳಿಬಿಡಲೇ ಎಂದು ಬಾಯಿಗೆ ಬರುತ್ತಿತ್ತು. "ಚೆನ್ನಾಗಿತ್ತು ಅತ್ತೆ" ಎಂದು ಹೇಳಿ ಬರುತ್ತಿದ್ದೆ.

ನನ್ನ ಪಾಲನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನನಗೂ ನಿಮಗೂ ಏನು ವ್ಯತ್ಯಾಸ? ಪಟ್ಟಿಯನ್ನು ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಳ್ಳಲು ನನಗೆ ಎರಡು ಹೆಜ್ಜೆ ಸಾಕಿತ್ತು. ನಾಲ್ಕು ಜನ ನಗುತ್ತಾರೆ ಎಂದು ಸುಮ್ಮನಾದೆ. ಅತ್ತೆಯ ಎದುರು ಒರಟಾಗಬಾರದು ಎಂದು ಸುಮ್ಮನಾದೆ. ಮಗುವಿನ ಬೆರಳಿಗಿಂತ ನನಗೆ ನನ್ನ ಸಭ್ಯತೆ ದೊಡ್ಡದಾಯಿತು. ಅದನ್ನು ನಾನು ಸಾಯುವವರೆಗೆ ಹೊರುತ್ತೇನೆ, ಯಾರ ಹೆಗಲಿಗೂ ದಾಟಿಸುವುದಿಲ್ಲ. ನಿಮ್ಮದನ್ನು ನೀವು ಹೊರಿ ಎಂದಷ್ಟೇ ಕೇಳುತ್ತಿದ್ದೇನೆ.

ಇಷ್ಟು ದಿನ ಸುಮ್ಮನಿದ್ದವಳು ಈಗೇಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಹುದು. ನನ್ನ ಹೆಸರು ಕೆಟ್ಟಿತೆಂದು ಅಲ್ಲ. ಅದನ್ನು ಹೇಗೋ ನುಂಗಿಕೊಂಡಿದ್ದೆ, ಇನ್ನೂ ನುಂಗುತ್ತಿದ್ದೆನೋ ಏನೋ. ಭಾನುವಾರ ನೀವು ಕಾಫಿ ಬಗ್ಗಿಸುತ್ತಿದ್ದಾಗ, ಮೇಜಿನ ಹತ್ತಿರ ಆಡುತ್ತಿದ್ದ ಒಂದು ಹುಡುಗಿ ಟೋಬಿಯ ಕೈ ನೋಡಿ, "ನಿನ್ ಬೆರಳು ಎಲ್ಲೋಯ್ತು?" ಎಂದು ಕೇಳಿದಳು. ಮೂರು ವರ್ಷದ ನನ್ನ ಮಗ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. "ನಾನು ಅಜ್ಜಿ ಕೈ ಬಿಟ್ಬಿಟ್ಟೆ. ನಾನು ಕೆಟ್ಟೋನಾಗಿದ್ದೆ, ಅದಕ್ಕೆ" ಎಂದ. ನೀವು ಕೇಳಿಸಿಕೊಂಡಿರಿ. ಕಾಫಿ ಕೆಟಲಿಯನ್ನು ಕೆಳಗಿಟ್ಟಿರಿ. ಈಗ ಹೇಳುತ್ತಾರೆ, ಈಗಲಾದರೂ ಹೇಳುತ್ತಾರೆ ಎಂದುಕೊಂಡೆ. ನೀವು ಅವನ ತಲೆ ನೇವರಿಸಿ, "ಹೂಂ ಪುಟ್ಟಾ, ಈಗ ಜಾಣ ಆಗಿದ್ದೀಯಲ್ಲ" ಎಂದಿರಿ.

ಮನೆಗೆ ಬಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನೀನು ಕೈ ಬಿಡಲಿಲ್ಲ ಚಿನ್ನಾ, ನೀನು ಕೆಟ್ಟವನಲ್ಲ ಎಂದು ಹತ್ತು ಸಲ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ನೀನು ಅಲ್ಲಿರ್ಲಿಲ್ಲ ಅಮ್ಮಾ" ಎಂದ. "ಅಜ್ಜಿ ಇದ್ರು. ಅಜ್ಜೀನೇ ಹೇಳಿದ್ರು."

ಗುರುವಾರ ಲೇಫ್‌ನ ಹಡಗು ಅದಿರು ತುಂಬಲು ನಮ್ಮ ಬಂದರಿಗೆ ಬರುತ್ತದೆ. ಅವನಿಗೆ ನಾನೇ ಹೇಳುತ್ತೇನೆ. ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ, ದೊಡ್ಡವನು. ಆದರೆ ಟೋಬಿಗೆ ನಾನು ಹೇಳಿದರೆ ನಡೆಯುವುದಿಲ್ಲ, ನೋಡಿದಿರಲ್ಲ. ಆ ಮಾತು ನಿಮ್ಮ ಬಾಯಿಂದ ಅವನೊಳಗೆ ಹೋದದ್ದು, ನಿಮ್ಮ ಬಾಯಿಂದಲೇ ಹೊರಗೆ ಬರಬೇಕು. ಬುಧವಾರ ಮಧ್ಯಾಹ್ನ ಅವನು ಮಲಗಿ ಎದ್ದಿರುತ್ತಾನೆ. ಬರಿಗೈಯಲ್ಲಿ ಬನ್ನಿ. ಕುರ್ಚಿಯಲ್ಲಿ ಕೂರಬೇಡಿ, ನೆಲದ ಮೇಲೆ ಅವನ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ. ಆ ಬಲಗೈಯನ್ನು ಹಿಡಿದುಕೊಂಡು, "ಬಿಟ್ಟಿದ್ದು ನಾನು, ನೀನಲ್ಲ" ಎನ್ನಿ. ಅವನು ಮತ್ತೆ ಮತ್ತೆ ಕೇಳುತ್ತಾನೆ. ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳಿ.

ನಿಮ್ಮ ಮಂಡಿನೋವು ಬುಧವಾರದೊಳಗೆ ಇಳಿಯಲಿ, ನೆಲಕ್ಕೆ ಕೂರುವಷ್ಟು ಶಕ್ತಿಯನ್ನು ದೇವರು ನಿಮಗೆ ಕೊಡಲಿ ಎಂದು ಮನಸಾರೆ ಹಾರೈಸುತ್ತೇನೆ.

ಬಾಗಿಲು ತೆರೆದು ಕಾಯುತ್ತಿರುವ,
ಟೋಬಿಯ ತಾಯಿ,
ಮಿಲ್ಕಾ